ಅರ್ಧ ಗಂಟೆ ಕಾದರೆ ಮೂರು ಬಸ್ ಒಟ್ಟಿಗೆ: ನಗರ ಸಾರಿಗೆ ಪ್ರಶ್ನೋತ್ತರ

ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಊರೊಳಗಿನ ಓಡಾಟಕ್ಕೆ ಮೀಸಲು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು, ಹುಬ್ಬಳ್ಳಿ ಮತ್ತು ಮೈಸೂರಿನಿಂದಲೂ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದದ ಪತ್ರಗಳನ್ನು ಮೊಟಕು ಮಾಡಿ ಕೊಟ್ಟಿದ್ದೇವೆ.

ನಮ್ಮ ಸ್ಟಾಪಿಗೆ ಹತ್ತು ನಿಮಿಷಕ್ಕೊಂದು ಬಸ್ ಇರಬೇಕು. ಬೆಳಿಗ್ಗೆ ಅರ್ಧ ಗಂಟೆ ಕಾದರೂ ಒಂದೂ ಬರಲ್ಲ, ಆಮೇಲೆ ಅದೇ ನಂಬರಿನ ಮೂರು ಬಸ್ ಒಂದರ ಬಾಲ ಒಂದು ಹಿಡಿದು ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗ ಇಲ್ಲ, ಮೂರನೆಯದು ಖಾಲಿ. ಡ್ರೈವರ್‌ಗಳು ಮಾತಾಡಿಕೊಂಡು ಬರುತ್ತಾರಾ?
— ಸುಂಕದಕಟ್ಟೆ, ಬೆಂಗಳೂರು

ಖಂಡಿತ ಇಲ್ಲ. ಇದರಲ್ಲಿ ಡ್ರೈವರ್ ತಪ್ಪು ಬಹಳ ಕಡಿಮೆ. ಬಸ್ಸುಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೂರ ಇಡಬೇಕೆಂದರೆ ಯಾರಾದರೂ ಕೆಲಸ ಮಾಡಬೇಕು. ಲೆಕ್ಕ ಹಾಕಿ ನೋಡೋಣ.

ದಟ್ಟವಾದ ಮಾರ್ಗ. ಪ್ರತಿ ಸ್ಟಾಪಿಗೂ ನಿಮಿಷಕ್ಕೆ ಇಬ್ಬರು ಬಂದು ನಿಲ್ಲುತ್ತಾರೆ ಎಂದುಕೊಳ್ಳಿ. ಒಬ್ಬರು ಹತ್ತಲು 3 ಸೆಕೆಂಡು. ಹತ್ತು ನಿಮಿಷದ ಅಂತರದಲ್ಲಿ ಬಂದ ಬಸ್ಸಿಗೆ 20 ಜನ, ಹತ್ತಿಸಿಕೊಳ್ಳಲು 60 ಸೆಕೆಂಡು. ಈಗ ಒಂದು ಬಸ್ ಯಾವುದೋ ಸಿಗ್ನಲ್‌ನಲ್ಲಿ ಸಿಕ್ಕಿ 4 ನಿಮಿಷ ತಡವಾಯಿತು. ಅದು ಸ್ಟಾಪಿಗೆ ಬರುವಾಗ 14 ನಿಮಿಷದ ಜನ ಕಾದಿರುತ್ತಾರೆ: 28 ಮಂದಿ, 84 ಸೆಕೆಂಡು. ಹಿಂದೆ ಬರುತ್ತಿರುವ ಬಸ್ಸಿಗೂ ಇದಕ್ಕೂ ಉಳಿದ ಅಂತರ 6 ನಿಮಿಷ, ಹಾಗಾಗಿ ಅದಕ್ಕೆ ಸಿಗುವವರು 12 ಮಂದಿ, 36 ಸೆಕೆಂಡು. ಅಂದರೆ ಒಂದೇ ಸ್ಟಾಪಿನಲ್ಲಿ ಅಂತರ 48 ಸೆಕೆಂಡು ಕರಗಿತು. ಮುಂದಿನ ಸ್ಟಾಪಿನಲ್ಲಿ ತಡವಾದ ಬಸ್ಸಿಗೆ ಇನ್ನೂ ಹೆಚ್ಚು ಜನ, ಹಿಂದೆ ಬರುತ್ತಿರುವುದಕ್ಕೆ ಇನ್ನೂ ಕಡಿಮೆ. 6 ನಿಮಿಷ ಇದ್ದದ್ದು 5 ನಿಮಿಷ 12 ಸೆಕೆಂಡು, ಆಮೇಲೆ 4 ನಿಮಿಷ ಚಿಲ್ಲರೆ, ಆಮೇಲೆ 3, ಆಮೇಲೆ 2. ಆರನೇ ಸ್ಟಾಪಿನ ಹೊತ್ತಿಗೆ ಎರಡೂ ಜೊತೆಯಾಗುತ್ತವೆ. ಹೀಗೆಯೇ ಮೂರನೆಯದೂ ಬಂದು ಸೇರಿಕೊಳ್ಳುತ್ತದೆ. ಮೊದಲನೆಯದು ತುಂಬಿ ತುಳುಕುವುದು, ಕೊನೆಯದು ಖಾಲಿ ಇರುವುದು ಇದೇ ಕಾರಣಕ್ಕೆ. ಮುಂದಿನ ಸಲ ಮೂರು ಬಸ್ ಒಟ್ಟಿಗೆ ಬಂದರೆ, ನಿಮಗೆ ಅವಸರವಿಲ್ಲದಿದ್ದರೆ ಎರಡನೆಯದನ್ನೋ ಮೂರನೆಯದನ್ನೋ ಹತ್ತಿ. ನಿಮಗೂ ಸೀಟು ಸಿಗುತ್ತದೆ, ಮೊದಲನೆಯ ಬಸ್ಸಿಗೂ ಸ್ವಲ್ಪ ಉಸಿರಾಡಲು ಬಿಡುವು.

ನಷ್ಟ ಎಷ್ಟೆಂದರೆ, ಹತ್ತು ನಿಮಿಷಕ್ಕೊಂದು ಸರಿಯಾಗಿ ಬಂದರೆ ಸರಾಸರಿ ಕಾಯುವ ಹೊತ್ತು 5 ನಿಮಿಷ. ಅರ್ಧ ಗಂಟೆಗೊಮ್ಮೆ ಮೂರು ಬಂದರೆ 15 ನಿಮಿಷ. ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಸಂಬಳ ಅಷ್ಟೇ, ಕಾಯುವುದು ಮಾತ್ರ ಮೂರು ಪಟ್ಟು. ಕಚೇರಿಗೆ ತಡವಾಗಬಾರದು ಎನ್ನುವವರು ಸರಾಸರಿಯನ್ನು ನಂಬಿ ಮನೆ ಬಿಡುವ ಹಾಗೂ ಇಲ್ಲ. ದಿನಾ ಅರ್ಧ ಗಂಟೆ ಮುಂಚೆಯೇ ಹೊರಡಬೇಕು. ಆರು ತಿಂಗಳು ಹೀಗೆ ಹೊರಟವರು ಏಳನೇ ತಿಂಗಳು ಸ್ಕೂಟರಿನ ಡೌನ್ ಪೇಮೆಂಟ್ ಕಟ್ಟುತ್ತಾರೆ.

ಪರಿಹಾರಗಳು ಗೊತ್ತಿರುವಂಥವೇ. ಒಂದು, ಮಾರ್ಗದ ನಡುವೆ ಎರಡು ಮೂರು ಕಡೆ ಸಮಯದ ಸ್ಟಾಪು ಇಟ್ಟು, ಬೇಗ ಬಂದ ಬಸ್ಸನ್ನು ಒಂದೆರಡು ನಿಮಿಷ ತಡೆದು ಬಿಡುವುದು. ಬಸ್ಸುಗಳಲ್ಲಿ ಜಿಪಿಎಸ್ ಇದೆ, ಯಾವುದು ಎಲ್ಲಿದೆ ಎಂದು ಕಾಣುತ್ತದೆ. ಕಂಡದ್ದನ್ನು ನೋಡಿ ಡ್ರೈವರಿಗೆ ಹೇಳುವ ಒಬ್ಬ ಸಂಚಾರ ನಿಯಂತ್ರಕರು ಬೇಕು. ಎರಡು, ಕೊನೆಯ ನಿಲ್ದಾಣದಲ್ಲಿ ಬಿಡುವು. ಹೋಗಲು 60 ನಿಮಿಷ ಹಿಡಿಯುವ ಟ್ರಿಪ್ಪಿಗೆ 6ರಿಂದ 9 ನಿಮಿಷ ಬಿಡುವು ಇಟ್ಟರೆ ಒಂದು ಟ್ರಿಪ್ಪಿನ ತಡ ಮುಂದಿನದಕ್ಕೆ ಅಂಟುವುದಿಲ್ಲ. ಅನುಸೂಚಿ, ಅಂದರೆ ಬಸ್ಸುಗಳ ವೇಳಾಪಟ್ಟಿ, ಮಾಡುವಾಗ ಟ್ರಿಪ್ಪಿನ ಸಂಖ್ಯೆ ಹೆಚ್ಚು ತೋರಿಸಲು ಮೊದಲು ಕತ್ತರಿ ಬೀಳುವುದು ಈ ಬಿಡುವಿಗೆ. ಆಮೇಲೆ ಸಂಜೆ ಟ್ರಿಪ್ಪೇ ಕಟ್ ಆಗುತ್ತದೆ. ಮೂರು, 30 ಕಿಲೋಮೀಟರ್ ಉದ್ದದ ಮಾರ್ಗವನ್ನು ಎರಡಾಗಿ ಒಡೆಯುವುದು. ಉದ್ದ ಹೆಚ್ಚಿದಷ್ಟೂ ತಡ ಸೇರುತ್ತಾ ಹೋಗುತ್ತದೆ. ನಾಲ್ಕು, ಮೊದಲು ತಡವೇ ಆಗದಂತೆ ಬಸ್ಸಿಗೆ ಪ್ರತ್ಯೇಕ ಲೇನು. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೆಂದು ಲೇನು ಬಿಟ್ಟಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದು ಹೋಯಿತು. ಹತ್ತಾರು ಕಿಲೋಮೀಟರ್ ಬೊಲ್ಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ) ಮತ್ತು ಬಣ್ಣದಲ್ಲಿ ಆಗುವ ಕೆಲಸ ಅದು, ಕಾಮಗಾರಿ ಮುಗಿದ ಕಡೆಯಲ್ಲೆಲ್ಲ ವಾಪಸು ತರಲೇಬೇಕು.

ದೂರು ಕೊಡುವುದಾದರೆ "ಬಸ್ ಬರಲ್ಲ" ಎಂದು ಬರೆಯಬೇಡಿ. ಐದು ದಿನ, ಬೆಳಿಗ್ಗೆ ಒಂದು ಗಂಟೆ, ಮಾರ್ಗದ ನಂಬರು, ದಿಕ್ಕು, ಬಸ್ ಬಂದ ನಿಮಿಷ, ಬಸ್ಸಿನ ಮೇಲಿರುವ ಸಂಖ್ಯೆ ಬರೆದಿಡಿ. ಐದು ದಿನದ ಆ ಪಟ್ಟಿಯನ್ನು ಘಟಕ ವ್ಯವಸ್ಥಾಪಕರಿಗೆ (ಡಿಪೊ ಮ್ಯಾನೇಜರ್) ಕೊಡಿ. ಬಸ್ಸುಗಳು ಹೊರಟಾಗ ಸರಿಯಿದ್ದು ದಾರಿಯಲ್ಲಿ ಅಂಟಿಕೊಂಡವೋ, ಹೊರಡುವಾಗಲೇ ಒಟ್ಟಿಗೆ ಹೊರಟವೋ ಎಂಬುದು ಅವರ ದಾಖಲೆಯ ಜೊತೆ ಇಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ನಮ್ಮ ತಾಯಿಗೆ 72 ವರ್ಷ. ಆಸ್ಪತ್ರೆಗೆ ಹೋಗಲು ಆರು ಲೇನಿನ ರಸ್ತೆ ದಾಟಬೇಕು. ಹಸಿರು ದೀಪ 15 ಸೆಕೆಂಡು. ಅರ್ಧ ದಾಟುವಷ್ಟರಲ್ಲಿ ವಾಹನಗಳು ಹಾರ್ನ್ ಹೊಡೆಯುತ್ತವೆ. ಎಷ್ಟು ಸೆಕೆಂಡು ಕೊಡಬೇಕು ಎಂದು ನಿಯಮ ಇದೆಯೇ?
— ರಾಜಾಜಿನಗರ, ಬೆಂಗಳೂರು

ಇದೆ. ಲೆಕ್ಕ ಸುಲಭ, ನೀವೇ ಮಾಡಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಸೆಕೆಂಡಿಗೆ 1.2 ಮೀಟರ್ ನಡಿಗೆಯನ್ನು ಹಿಡಿಯುತ್ತದೆ. ಆರು ಲೇನು ಅಂದರೆ ಸುಮಾರು 21 ಮೀಟರ್. 21 ಭಾಗಿಸು 1.2, ಹದಿನೇಳೂವರೆ ಸೆಕೆಂಡು. ದೀಪ ಹಸಿರಾದ ಮೇಲೆ ನೋಡಿ, ಹೆಜ್ಜೆ ಇಡುವುದಕ್ಕೆ ಇನ್ನೊಂದು 5 ಸೆಕೆಂಡು. 22 ಸೆಕೆಂಡಿಗೂ ಮೇಲಾಯಿತು. ನಿಮ್ಮ ಕಡೆ ಕೊಟ್ಟಿರುವ 15 ಸೆಕೆಂಡು ಗಟ್ಟಿಮುಟ್ಟಾದವರಿಗೇ ಸಾಲದು.

ನಿಮ್ಮ ತಾಯಿಯ ನಡಿಗೆ ಅಳೆಯಿರಿ. ಮನೆಯ ಮುಂದೆ 10 ಮೀಟರ್ ಟೇಪ್ ಹಿಡಿದು ಗುರುತು ಮಾಡಿ, ಅವರು ಎಂದಿನಂತೆ ನಡೆಯುವುದನ್ನು ಮೊಬೈಲಿನಲ್ಲಿ ಎಣಿಸಿ. ಮಂಡಿ ನೋವಿರುವ ಹಿರಿಯರು 12–13 ಸೆಕೆಂಡು ತೆಗೆದುಕೊಳ್ಳುವುದು ಸಾಮಾನ್ಯ, ಅಂದರೆ ಸೆಕೆಂಡಿಗೆ ಸುಮಾರು 0.8 ಮೀಟರ್. ಆ ವೇಗದಲ್ಲಿ 21 ಮೀಟರಿಗೆ 26 ಸೆಕೆಂಡು, ಶುರುವಿನ 5 ಸೇರಿ 31. ಆಸ್ಪತ್ರೆ, ಶಾಲೆ, ಮಾರುಕಟ್ಟೆ ಮುಂದಿನ ಸಿಗ್ನಲ್‌ಗಳಲ್ಲಿ ಈ ಲೆಕ್ಕವನ್ನೇ ಹಿಡಿಯಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಪೊಲೀಸರ ಕಷ್ಟವೂ ಇದೆ. ಒಟ್ಟು 120 ಸೆಕೆಂಡಿನ ಸುತ್ತಿನಲ್ಲಿ 31 ಸೆಕೆಂಡು ನಡೆಯುವವರಿಗೇ ಕೊಟ್ಟರೆ ಕಾಲು ಭಾಗ ಹೋಯಿತು ಎನ್ನುತ್ತಾರೆ. ಅದಕ್ಕೆ ರಸ್ತೆಯ ಅಗಲವನ್ನೇ ಕಡಿಮೆ ಮಾಡುವ ದಾರಿಯಿದೆ. ದಾಟುವ ಜಾಗದಲ್ಲಿ ಎರಡೂ ಬದಿಯ ಪಾರ್ಕಿಂಗ್ ತೆಗೆದು ಫುಟ್‌ಪಾತನ್ನು ತಲಾ 2 ಮೀಟರ್ ಮುಂದಕ್ಕೆ ಚಾಚಿದರೆ ದಾಟುವ ದೂರ 4 ಮೀಟರ್ ತಗ್ಗುತ್ತದೆ, ನಿಮ್ಮ ತಾಯಿಗೆ 5 ಸೆಕೆಂಡು ಉಳಿಯುತ್ತದೆ. ನಡುವಿನ ಡಿವೈಡರನ್ನು ದಾಟುವ ಕಡೆ ಕತ್ತರಿಸಿ, ಕನಿಷ್ಠ 1.2 ಮೀಟರ್, ಗಾಲಿಕುರ್ಚಿ ಬರುವ ಕಡೆ 2 ಮೀಟರ್ ಅಗಲದ ನಿಲ್ಲುವ ಜಾಗ ಮಾಡಿದರೆ ಎರಡು ಕಂತಿನಲ್ಲಿ ದಾಟಬಹುದು. ಬಹಳ ಕಡೆ ಡಿವೈಡರಿನ ಅಗಲ ಒಂದಡಿ. ಅದರ ಮೇಲೆ ಸೀರೆಯ ನೆರಿಗೆ ಹಿಡಿದುಕೊಂಡು ನಿಂತ ಹೆಂಗಸರ ಬೆನ್ನ ಹಿಂದೆ ಒಂದು ಗೇಣಿನಲ್ಲಿ ಬಸ್ ಹಾದುಹೋಗುತ್ತದೆ.

ಎಡಕ್ಕೆ ಸದಾ ಮುಕ್ತ ಎನ್ನುವ ತಿರುವನ್ನೂ ನೋಡಿ. ಅಲ್ಲಿ ವಾಹನ ನಿಲ್ಲುವುದೇ ಇಲ್ಲ, ಹಾಗಾಗಿ ಫುಟ್‌ಪಾತಿನಿಂದ ಸಿಗ್ನಲ್ ಕಂಬದ ತನಕ ಹೋಗುವುದೇ ಮೊದಲ ಗಂಡಾಂತರ. ಆ ತಿರುವನ್ನು ಮುಚ್ಚುವುದು ಉತ್ತಮ. ಆಗದಿದ್ದರೆ ಅಲ್ಲಿ ಫುಟ್‌ಪಾತಿನ ಮಟ್ಟಕ್ಕೆ, ಅಂದರೆ ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಎತ್ತಿದ ದಾಟುದಾರಿ ಹಾಕಬೇಕು. ವಾಹನ ಹತ್ತಿ ಇಳಿಯುವಾಗ ತಾನಾಗಿ ನಿಧಾನವಾಗುತ್ತದೆ.

ಸ್ಕೈವಾಕ್ ಕೇಳಬೇಡಿ. ಲಾರಿ ಹಾಯಲು ಕೆಳಗೆ ಐದೂವರೆ ಮೀಟರ್ ಬಿಡಬೇಕು, ಮೇಲಿನ ನೆಲ ಸುಮಾರು 6 ಮೀಟರಿಗೆ ಬರುತ್ತದೆ. 15 ಸೆಂಟಿಮೀಟರಿನ ಮೆಟ್ಟಿಲಾದರೆ ಹತ್ತಲು 40, ಇಳಿಯಲು 40. ಲಿಫ್ಟ್ ಕೆಟ್ಟ ದಿನ ಮಂಡಿ ನೋವಿನವರು ಮತ್ತೆ ರಸ್ತೆಗೇ ಇಳಿಯುತ್ತಾರೆ.

ಸಿಗ್ನಲ್ ಸಮಯಕ್ಕೆ ನಿಮ್ಮ ಸಂಚಾರ ಪೊಲೀಸ್ ಠಾಣೆಗೆ, ಡಿವೈಡರ್ ಮತ್ತು ಫುಟ್‌ಪಾತಿಗೆ ನಗರ ಪಾಲಿಕೆಗೆ ಬರೆಯಬೇಕು. ಅಗಲ ಎಷ್ಟು ಮೀಟರ್, ಈಗ ಎಷ್ಟು ಸೆಕೆಂಡು, ಬೇಕಾದದ್ದೆಷ್ಟು ಎಂಬ ಮೂರು ಅಂಕಿ ಮೊದಲ ಸಾಲಿನಲ್ಲೇ ಇರಲಿ. ಕ್ಯಾಮೆರಾ ನೋಡಿ ಸಮಯ ಬದಲಿಸುವ ಹೊಸ ಸಿಗ್ನಲ್ ಬಂದಿದ್ದರೆ ಇನ್ನೊಂದು ಮಾತು ಸೇರಿಸಿ: ಅದು ಎಣಿಸುವುದು ವಾಹನವನ್ನು. ನಡೆಯುವವರಿಗೆ ಕನಿಷ್ಠ ಇಷ್ಟು ಸೆಕೆಂಡು ಎಂದು ಮೊದಲೇ ಕಟ್ಟಿಹಾಕದಿದ್ದರೆ ದಟ್ಟಣೆಯ ಹೊತ್ತಿನಲ್ಲಿ ಮೊದಲು ಮೊಟಕಾಗುವುದು ಅವರದೇ ಪಾಲು.

ನಮ್ಮ ಹುಬ್ಬಳ್ಳಿ–ಧಾರವಾಡ ರಸ್ತ್ಯಾಗ ನಡುವಿನ ಲೇನು ಯಾವಾಗ ನೋಡಿದ್ರೂ ಖಾಲಿ ಬಿದ್ದಿರ್ತಾವ, ಬಾಜೂಕ ನಾವು ಟ್ರಾಫಿಕ್‌ನ್ಯಾಗ ಸಿಕ್ಕೊಂಡಿರ್ತೇವಿ. ಚಿಗರಿ ಲೇನ್ ಎಲ್ಲಾರಿಗೂ ಬಿಟ್ರ ಏನ್ ತಪ್ಪರೀ?
— ಉಣಕಲ್, ಹುಬ್ಬಳ್ಳಿ

ಚಿಗರಿ ಅಂದರೆ ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ಲೇನಿನಲ್ಲಿ ಓಡುವ ಬಸ್. ಆ ಲೇನು ಖಾಲಿ ಕಾಣುವುದು ನಿಜ. ಯಾಕೆ ಕಾಣುತ್ತದೆ ನೋಡಿ. 12 ಮೀಟರ್ ಉದ್ದದ ಬಸ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದರೆ ನಿಮ್ಮ ಕಣ್ಣೆದುರು ಹಾದುಹೋಗಲು ಒಂದೂವರೆ ಸೆಕೆಂಡು ಸಾಕು. ಎರಡು ನಿಮಿಷಕ್ಕೊಂದು ಬಸ್ ಬಂದರೂ 120 ಸೆಕೆಂಡಿನಲ್ಲಿ 118 ಸೆಕೆಂಡು ಆ ಜಾಗ ಬರಿದೇ. ಆದರೆ ಗಂಟೆಗೆ 30 ಬಸ್, ಬಸ್ಸಿಗೆ 60 ಜನ ಅಂದರೆ 1,800 ಮಂದಿ ದಾಟಿದರು. ಪಕ್ಕದ ಲೇನು ಇಡೀ ಹೊತ್ತು ತುಂಬಿರುತ್ತದೆ. ಸಿಗ್ನಲ್‌ಗಳ ನಡುವೆ ಒಂದು ಲೇನಿನಲ್ಲಿ ಗಂಟೆಗೆ 700ರಷ್ಟು ಕಾರು ಹೋಗಬಹುದು, ಕಾರಿಗೆ ಒಂದೂವರೆ ಜನ ಹಿಡಿದರೂ ಸಾವಿರದ ಆಸುಪಾಸು. ತುಂಬಿದ ಲೇನು ಕಡಿಮೆ ಜನರನ್ನು ಸಾಗಿಸುತ್ತಿದೆ.

ಲೇನು ಎಲ್ಲರಿಗೂ ಬಿಟ್ಟರೆ ಮೊದಲ ವಾರ ಹಗುರಾಗುತ್ತದೆ. ಆಮೇಲೆ ಚಿಗರಿಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ, ಅದರಲ್ಲಿ ಬರುತ್ತಿದ್ದವರಲ್ಲಿ ಒಂದಷ್ಟು ಮಂದಿ ಬೈಕಿಗೆ ಹೋಗುತ್ತಾರೆ, ವಾಹನ ಹೆಚ್ಚುತ್ತದೆ. ದಿಲ್ಲಿಯಲ್ಲಿ 2008ರಲ್ಲಿ ಶುರು ಮಾಡಿದ ಬಸ್ ಕಾರಿಡಾರ್ ಆರು ಕಿಲೋಮೀಟರನ್ನೂ ಮುಟ್ಟದೆ ನಿಂತಿತು, ಕಾರಿನವರ ವಿರೋಧದ ನಡುವೆ ಕೊನೆಗೆ ಕಿತ್ತುಹಾಕಿದರು. ಅಹಮದಾಬಾದ್ 2009ರಲ್ಲಿ ಶುರು ಮಾಡಿ ಜಾಲ ಬೆಳೆಸುತ್ತಾ ಹೋಯಿತು. ನಿಮ್ಮದು ಸುಮಾರು 22 ಕಿಲೋಮೀಟರ್, 2018ರ ಅಕ್ಟೋಬರ್‌ನಿಂದ ಓಡುತ್ತಿದೆ. ನಿಲ್ದಾಣದ ಬಳಿ ಹಿಂದಿನ ಬಸ್ ಮುಂದೆ ಹೋಗಲು ಪಕ್ಕಕ್ಕೆ ಇನ್ನೊಂದು ಲೇನು ಬಿಟ್ಟಿದ್ದಾರೆ. ದೇಶದ ಬಹುಪಾಲು ಕಾರಿಡಾರ್‌ಗಳಲ್ಲಿ ಈ ಅನುಕೂಲವಿಲ್ಲ. ಅದನ್ನು ಕಳೆದುಕೊಳ್ಳಬೇಡಿ.

ನಿಮ್ಮ ಅಸಮಾಧಾನಕ್ಕೆ ಸರಿಯಾದ ಕಾರಣವೂ ಇರಬಹುದು. ನೀವು ನಿಲ್ಲುವ ಜಾಗದಲ್ಲಿ ಒಂದು ಗಂಟೆ ಎಣಿಸಿ. ಬಸ್ 12 ಮಾತ್ರ ಬಂದರೆ, ಅಂದರೆ 5 ನಿಮಿಷಕ್ಕೊಂದಾದರೆ, ಆ ಲೇನಿಗೆ ಇನ್ನಷ್ಟು ಬಸ್ ಕೇಳುವ ಹಕ್ಕು ನಿಮಗಿದೆ. ಸಾಮಾನ್ಯ ಬಸ್ಸುಗಳ ಬಾಗಿಲು ಎಡಕ್ಕಿರುವುದರಿಂದ ನಡುವಿನ ನಿಲ್ದಾಣದಲ್ಲಿ ಅವು ಜನರನ್ನು ಇಳಿಸಲಾರವು. ಆದರೆ ನಡುವೆ ನಿಲ್ಲದ ದೂರದ ಊರಿನ ಬಸ್, ಆಂಬುಲೆನ್ಸ್ ಅಲ್ಲಿ ಓಡಬಹುದು. ಪಕ್ಕದ ಲೇನಿನ ಸಂಕಟಕ್ಕೆ ಅಂಗಡಿ ಮುಂದೆ ನಿಂತ ವಾಹನ ಎಷ್ಟು ಕಾರಣ ಎಂಬುದನ್ನೂ ಎಣಿಸಿ. ಒಂದೇ ಒಂದು ಕಾರು ನಿಂತರೂ ಆ ಲೇನು ಅಲ್ಲಿಗೆ ಮುಗಿಯಿತು.

ನಮ್ಮ ಜಂಕ್ಷನ್‌ಗೆ ಫ್ಲೈಓವರ್ ಮಂಜೂರಾಗಿದೆ ಎನ್ನುತ್ತಿದ್ದಾರೆ. ಇನ್ನಾದರೂ ಟ್ರಾಫಿಕ್ ತಪ್ಪುತ್ತದೆಯೇ?
— ಬನಶಂಕರಿ, ಬೆಂಗಳೂರು

ಆ ಜಂಕ್ಷನ್‌ನಲ್ಲಿ ತಪ್ಪಬಹುದು. ಮುಂದಿನದರಲ್ಲಿ ಹೆಚ್ಚುತ್ತದೆ. ತಡೆಯಿಲ್ಲದೆ ಓಡುವ ಒಂದು ಲೇನು ಗಂಟೆಗೆ ಸುಮಾರು 1,800 ಕಾರು ಹಾಯಿಸುತ್ತದೆ. ಸುತ್ತಿನ ಶೇ 40 ಭಾಗ ಮಾತ್ರ ಹಸಿರಿರುವ ಸಿಗ್ನಲ್ ಅದೇ ಲೇನಿನಿಂದ 720 ಬಿಡುತ್ತದೆ. ಫ್ಲೈಓವರ್ ಇಳಿದು ಅರ್ಧ ಕಿಲೋಮೀಟರಿಗೆ ಸಿಗ್ನಲ್ ಇದ್ದರೆ, ಮೇಲಿನಿಂದ ಸುರಿದದ್ದು ಅಲ್ಲಿ ನಿಂತು, ಸಾಲು ಬೆಳೆದು ಫ್ಲೈಓವರಿನ ಮೇಲಕ್ಕೇ ಹತ್ತುತ್ತದೆ. ಎಲೆಕ್ಟ್ರಾನಿಕ್ಸ್ ಸಿಟಿಯ ಎತ್ತರದ ರಸ್ತೆ 2010ರ ಜನವರಿಯಲ್ಲಿ ತೆರೆಯಿತು, ಸುಮಾರು 10 ಕಿಲೋಮೀಟರ್ ಸಲೀಸು. ಅದರ ಬಾಯಿಯ ಬಳಿಯ ಸಿಲ್ಕ್ ಬೋರ್ಡ್ ಜಂಕ್ಷನ್ ಊರಿಗೆಲ್ಲ ಪರಿಚಯವಾದದ್ದು ಟ್ರಾಫಿಕ್ ಜಾಮಿನಿಂದ ಎಂದು ನಿಮಗೆ ಗೊತ್ತು. ಹೆಬ್ಬಾಳದಲ್ಲೂ ಸೇತುವೆ ಇಲ್ಲದೆ ತೊಂದರೆಯಾದದ್ದಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋದ ಮೇಲೆ ಹಲವು ಲೇನುಗಳ ವಾಹನ ಕಡಿಮೆ ಲೇನಿಗೆ ಬಂದು ಸೇರುವ ಜಾಗ ಅದಾಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿ ಹೊಸ ಲೂಪ್ ತೆರೆದಿದೆ. ಅದರ ಫಲವನ್ನು ಹೆಬ್ಬಾಳದಲ್ಲಿ ಮಾತ್ರ ಅಳೆದರೆ ಸಾಲದು, ಮೇಖ್ರಿ ಸರ್ಕಲ್‌ನಲ್ಲೂ ಅಳೆಯಬೇಕು.

ಫ್ಲೈಓವರಿನ ಎರಡನೆಯ ಪರಿಣಾಮ ನಿಧಾನವಾಗಿ ಆಗುವಂಥದ್ದು. ರಸ್ತೆ ಸಲೀಸಾದರೆ ಹೊರಡದವರೂ ಹೊರಡುತ್ತಾರೆ, ದೂರದ ಬಡಾವಣೆಯಲ್ಲಿ ಸೈಟು ಕೊಳ್ಳುತ್ತಾರೆ, ಬಸ್ಸಿನವರು ಕಾರಿಗೆ ಬರುತ್ತಾರೆ. ಅಮೆರಿಕದ ನಗರಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆದ್ದಾರಿಯ ಲೇನು ಶೇ 1 ಹೆಚ್ಚಿದರೆ ವಾಹನ ಓಡುವ ದೂರವೂ ಸರಿಸುಮಾರು ಶೇ 1 ಹೆಚ್ಚುತ್ತದೆ ಎಂದು ಕಂಡುಕೊಂಡಿತು.

ಮೂರನೆಯದರ ಬಗ್ಗೆ ಮಾತಾಡುವವರೇ ಕಡಿಮೆ, ಅದು ಕೆಳಗೆ ಏನಾಗುತ್ತದೆ ಎಂಬುದು. 6 ಮೀಟರ್ ಎತ್ತರಕ್ಕೆ ಹತ್ತಲು 1:30ರ ಇಳಿಜಾರು ಹಿಡಿದರೆ ಒಂದೊಂದು ಬದಿಗೆ 180 ಮೀಟರ್ ಗೋಡೆ. ಆ ಉದ್ದಕ್ಕೂ ಈಚೆಯ ಬೀದಿಯಿಂದ ಆಚೆಯ ಬೀದಿಗೆ ದಾಟುವಂತಿಲ್ಲ. ಬಸ್ ಸ್ಟಾಪು ರ‍್ಯಾಂಪಿನ ಆಚೆ ಹೋಗುತ್ತದೆ. ಎರಡು ಬಸ್ ಬದಲಿಸುವವರು ಮುಂಚೆ 50 ಮೀಟರ್ ನಡೆಯುತ್ತಿದ್ದ ಕಡೆ 400 ಮೀಟರ್ ನಡೆಯಬೇಕು, ಮಳೆಯಲ್ಲೂ. ಸರ್ವಿಸ್ ರಸ್ತೆಗೆ ಉಳಿದ ಐದೂವರೆ ಮೀಟರಿನಲ್ಲಿ ಮೊದಲು ಹೋಗುವುದು ಫುಟ್‌ಪಾತು.

ಸಾರ್ವಜನಿಕ ಅಭಿಪ್ರಾಯ ಕೇಳುವ ಹಂತವಿದ್ದರೆ ವಿವರವಾದ ಯೋಜನಾ ವರದಿ ತರಿಸಿಕೊಂಡು ಮೂರು ಪುಟ ಹುಡುಕಿ: ಮುಂದಿನ ಎರಡು ಜಂಕ್ಷನ್‌ಗಳ ಲೆಕ್ಕ, ಬಸ್ ಸ್ಟಾಪುಗಳ ಹೊಸ ಜಾಗ, ಪಾದಚಾರಿಗಳ ಎಣಿಕೆ. ಇಲ್ಲದಿದ್ದರೆ ಅದನ್ನೇ ಆಕ್ಷೇಪಣೆಯಾಗಿ ಬರೆಯಿರಿ. ಊರಿನವರ ಮಾತಿಗೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುವ ಯೋಜನೆಯನ್ನು ಜನ ರಸ್ತೆಗಿಳಿದು ವಿರೋಧಿಸಿದ ಮೇಲೆ 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು.

ನಮ್ಮ ಬಡಾವಣೆಗೆ ಹೊಸ ಫುಟ್‌ಪಾತ್ ಹಾಕಿದ್ದಾರೆ, ಟೈಲ್ಸ್ ಚೆನ್ನಾಗಿದೆ. ಆದರೂ ಎಲ್ಲರೂ ರಸ್ತೆಯಲ್ಲೇ ನಡೆಯುತ್ತಾರೆ. ಜನರಿಗೆ ಶಿಸ್ತು ಬೇಡವೇ?
— ಕುವೆಂಪುನಗರ, ಮೈಸೂರು

ನೂರು ಮೀಟರ್ ನೀವೇ ಅದರ ಮೇಲೆ ನಡೆದು ನೋಡಿ. 30–40ರ ಸೈಟುಗಳಿದ್ದರೆ ಸುಮಾರು 9 ಮೀಟರಿಗೊಂದು ಗೇಟು. ಪ್ರತಿ ಗೇಟಿನ ಮುಂದೆ ಕಾರು ಇಳಿಸಲು ಫುಟ್‌ಪಾತನ್ನು ತಗ್ಗಿಸಿದ್ದರೆ ನೂರು ಮೀಟರಿನಲ್ಲಿ ಹನ್ನೊಂದು ಸಲ ಇಳಿದು ಹನ್ನೊಂದು ಸಲ ಹತ್ತಬೇಕು. ಯಾರೂ ಅಷ್ಟು ಕಷ್ಟಪಡುವುದಿಲ್ಲ, ಪಡಬೇಕಾಗಿಯೂ ಇಲ್ಲ.

ಸರಿಯಾದ ಕ್ರಮವೆಂದರೆ ಫುಟ್‌ಪಾತಿನ ಮಟ್ಟ ಒಂದೇ ಸಮ ಹೋಗಬೇಕು, ಕಾರು ಹತ್ತುವ ಇಳಿಜಾರು ರಸ್ತೆಯ ಕಡೆಯ ಅಂಚಿನ ಎರಡಡಿಯಲ್ಲಿ ಮುಗಿಯಬೇಕು. ಎತ್ತರ 15 ಸೆಂಟಿಮೀಟರ್ ಮೀರಬಾರದು. ಚರಂಡಿಯ ಮೇಲೆ ಚಪ್ಪಡಿ ಹಾಕಿ 30–40 ಸೆಂಟಿಮೀಟರ್ ಎತ್ತರಿಸಿದ ಫುಟ್‌ಪಾತನ್ನು ಹತ್ತುವುದೇ ಕಷ್ಟ. ಗಾಲಿಕುರ್ಚಿಗೆ 1:12ರ ಇಳಿಜಾರು, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ ಬೇಕು. ನಡೆಯಲು ತೆರವಾಗಿರುವ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಟೇಪ್ ಹಿಡಿಯುವಾಗ ಕಾಂಪೌಂಡಿನಿಂದ ಅಂಚಿನವರೆಗೆ ಅಳೆಯಬೇಡಿ, ಟ್ರಾನ್ಸ್‌ಫಾರ್ಮರ್, ಮರ, ಕೇಬಲ್ ಪೆಟ್ಟಿಗೆ ಇರುವ ಕಡೆ ಉಳಿದ ಅಗಲವನ್ನು ಅಳೆಯಿರಿ. ಒಂದು ಕಡೆ 60 ಸೆಂಟಿಮೀಟರ್ ಇದ್ದರೆ ಇಡೀ ರಸ್ತೆಯ ಫುಟ್‌ಪಾತು 60 ಸೆಂಟಿಮೀಟರಿನದೇ.

ಬೈಕು ಹತ್ತದಂತೆ ಬೊಲ್ಲಾರ್ಡ್ ಹಾಕಿಸಿ ಎನ್ನುವವರಿದ್ದಾರೆ. ಗಾಲಿಕುರ್ಚಿಗೆ 90 ಸೆಂಟಿಮೀಟರ್ ಬಿಡಲೇಬೇಕು, ಸ್ಕೂಟರಿನ ಹ್ಯಾಂಡಲ್ ಅಷ್ಟು ಅಗಲವಿಲ್ಲ. ಹಾಗಾಗಿ ಅದು ಕಾರನ್ನು ತಡೆಯುತ್ತದೆ, ಬೈಕನ್ನು ತಡೆಯದು. ಬೈಕಿಗೆ ದಂಡವೇ ಮದ್ದು. ನಡೆಯಲು ಯೋಗ್ಯವಾದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ನಮ್ಮ ಅಂಗಡಿ ಸಾಲಿನ ಮುಂದೆ ಪಾರ್ಕಿಂಗಿಗೆ ಗಂಟೆ ಲೆಕ್ಕದಲ್ಲಿ ಹಣ ಇಡುತ್ತಾರಂತೆ. ವ್ಯಾಪಾರ ಬಿದ್ದುಹೋಗುವುದಿಲ್ಲವೇ?
— ಜಯನಗರ, ಬೆಂಗಳೂರು

ಮೊದಲು ಎಣಿಸಿ. ರಸ್ತೆಗೆ ಸಮಾನಾಂತರವಾಗಿ ಒಂದು ಕಾರು ನಿಲ್ಲಲು ಸುಮಾರು 6 ಮೀಟರ್ ಬೇಕು, ನೂರು ಮೀಟರಿಗೆ ಹದಿನಾರು ಹದಿನೇಳು ಕಾರು. ಒಂದು ದಿನ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ, ಅರ್ಧ ಗಂಟೆಗೊಮ್ಮೆ, ನಿಂತ ವಾಹನಗಳ ಕೊನೆಯ ನಾಲ್ಕು ಅಂಕಿ ಬರೆಯಿಸಿ. ಬೆಳಿಗ್ಗೆ ಬಂದ ಅಂಕಿಗಳೇ ಸಂಜೆಯೂ ಸಿಕ್ಕರೆ ಅವು ಗಿರಾಕಿಗಳದ್ದಲ್ಲ, ಅಂಗಡಿಯವರದ್ದೂ ಕೆಲಸದವರದ್ದೂ. ಹಾಗೆ ಹತ್ತು ಗಂಟೆ ನಿಂತ ಕಾರಿನ ಜಾಗದಲ್ಲಿ 45 ನಿಮಿಷಕ್ಕೊಬ್ಬರಂತೆ ಹದಿಮೂರು ಗಿರಾಕಿ ಬಂದುಹೋಗಬಹುದಿತ್ತು. ಏಳು ಜಾಗದಲ್ಲಿ ಒಂದು ಸದಾ ಖಾಲಿ ಇರುವಷ್ಟು ದರ ಇಡಬೇಕು. ಅದಕ್ಕಿಂತ ಹೆಚ್ಚಾದರೆ ಜಾಗ ಬರಿದಾಗುತ್ತದೆ, ಕಡಿಮೆಯಾದರೆ ಜಾಗ ಹುಡುಕುತ್ತಾ ಸುತ್ತು ಹೊಡೆಯುವ ಕಾರುಗಳೇ ದಟ್ಟಣೆ ಮಾಡುತ್ತವೆ. ನಿಮ್ಮ ಸಂಘ ದರವನ್ನು ವಿರೋಧಿಸುವ ಬದಲು ಸಾಮಾನು ಇಳಿಸಲು ಬೆಳಿಗ್ಗೆ 10ರ ಒಳಗೆ ಬಿಡುವು, ಬಂದ ಹಣದಲ್ಲಿ ಅದೇ ಬೀದಿಯ ಫುಟ್‌ಪಾತು, ಶೌಚಾಲಯ ಕೇಳಿದರೆ ಲಾಭ.

ಮಹಿಳೆಯರಿಗೆ ಉಚಿತ ಮಾಡಿದ ಮೇಲೆ ಬಸ್ ತುಂಬಿಹೋಗಿದೆ. ಇದು ಸಾರಿಗೆ ನೀತಿಯೋ, ಬರೀ ಕೊಡುಗೆಯೋ?
— ಯಶವಂತಪುರ, ಬೆಂಗಳೂರು

ಸಾರಿಗೆ ನೀತಿಯೇ. ನಮ್ಮ ಬಸ್ ದರ ಸ್ಟೇಜ್ ಲೆಕ್ಕ. ಬಸ್ ಬದಲಿಸಿದ ಪ್ರತಿ ಸಲವೂ ಮೊದಲ ಸ್ಟೇಜಿನ ದರದಿಂದ ಮತ್ತೆ ಶುರು. ಒಂದೇ ಬಸ್ಸಿನಲ್ಲಿ ಕಚೇರಿಗೆ ಹೋಗಿ ಬರುವವರಿಗೆ ಇದು ತಟ್ಟುವುದಿಲ್ಲ. ಮಗುವನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ಬರುವಾಗ ತರಕಾರಿ ತಂದು, ನಡುವೆ ಆಸ್ಪತ್ರೆಯಲ್ಲಿರುವ ಅತ್ತೆಯನ್ನು ನೋಡಿ ಬರುವ ಹೆಣ್ಣುಮಗಳು ದಿನಕ್ಕೆ ಐದಾರು ತುಂಡು ಪ್ರಯಾಣ ಮಾಡುತ್ತಾಳೆ, ದೂರ ಕಡಿಮೆ, ದರ ಹೆಚ್ಚು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಆ ತುಂಡುಗಳ ಬೆಲೆಯನ್ನು ತೆಗೆದುಹಾಕಿತು. ತುಂಬಿದ ಬಸ್ಸಿಗೆ ಪರಿಹಾರ ಇನ್ನಷ್ಟು ಬಸ್. ಗಂಡಸರಿಗೂ ಒಂದೂವರೆ ಗಂಟೆಯೊಳಗೆ ಬಸ್ ಬದಲಿಸಿದರೆ ಟಿಕೆಟ್ ಮುಂದುವರಿಯುವ ವ್ಯವಸ್ಥೆ ಬರಬೇಕು, ಮೆಟ್ರೊ ಸೇರಿ.

ಹಳದಿ ಮಾರ್ಗದ ಮೆಟ್ರೊ ಬಂತು. ಇನ್ನು ಆ ರಸ್ತೆಯಲ್ಲಿ ಬಸ್ ಯಾಕೆ?
— ಬೊಮ್ಮಸಂದ್ರ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಆ ಮಾರ್ಗ 2025ರ ಆಗಸ್ಟ್ 10ರಂದು ತೆರೆದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಹಳಿ ಎಷ್ಟೇ ಚೆನ್ನಾಗಿರಲಿ, ಅಷ್ಟು ಅಂತರವಿದ್ದರೆ ಜನ ನಂಬಿ ಹೊರಡಲಾರರು. ರೈಲು ಹೆಚ್ಚಿದಂತೆ ಅದು ಸರಿಹೋಗುತ್ತದೆ. ಆದರೆ 19 ಕಿಲೋಮೀಟರಿಗೆ 16 ನಿಲ್ದಾಣ, ಅಂದರೆ ಒಂದೂಕಾಲು ಕಿಲೋಮೀಟರಿಗೊಂದು. ನಡುವಿನವರಿಗೆ, ಒಳಗಿನ ಬಡಾವಣೆಯವರಿಗೆ ಬಸ್ ಬೇಕೇ ಬೇಕು. ಸಮಾನಾಂತರವಾಗಿ ಓಡುವ ಉದ್ದ ಮಾರ್ಗದ ಕೆಲವು ಬಸ್ಸುಗಳನ್ನು ಅಡ್ಡ ಬೀದಿಗಳಿಗೆ ತಿರುಗಿಸಿ, 10 ನಿಮಿಷಕ್ಕೊಂದು ನಿಲ್ದಾಣದ ಬಾಗಿಲಿಗೇ ಬರುವಂತೆ ಮಾಡಬೇಕು. ನಿಲ್ದಾಣಕ್ಕೆ ಜನರನ್ನು ತರುವ ಇಂಥ ಫೀಡರ್ ಬಸ್ 25 ನಿಮಿಷಕ್ಕೊಂದಾದರೆ ಆಟೊಗೆ ಕೈ ತೋರಿಸುವುದೇ ಗತಿ.

ವಾಹನಕ್ಕೆ ದಟ್ಟಣೆ ಶುಲ್ಕ ಹಾಕಿದರೆ ಸರಿಹೋಗುವುದೇ?
— ಇಂದಿರಾನಗರ, ಬೆಂಗಳೂರು

ಕ್ರಮ ತಪ್ಪದಿದ್ದರೆ ಆಗುತ್ತದೆ. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಶುರು ಮಾಡಿದವು. ನಮಗೆ ಪಾಠವಾಗಬೇಕಾದ್ದು ಸ್ಟಾಕ್‌ಹೋಮ್. ಅವರು ಮೊದಲು ಸುಮಾರು 200 ಹೊಸ ಬಸ್ ಬೀದಿಗಿಳಿಸಿದರು, ಆಮೇಲೆ 2006ರ ಜನವರಿಯಿಂದ ಏಳು ತಿಂಗಳು ಪ್ರಯೋಗ ಮಾಡಿದರು. ಶುಲ್ಕವಿರುವ ವಲಯದ ಗಡಿ ದಾಟುವ ವಾಹನ ಐದರಲ್ಲೊಂದು ಭಾಗ ಇಳಿಯಿತು. ಮೊದಲು ವಿರೋಧವಿದ್ದ ಊರು ಪ್ರಯೋಗ ಕಂಡ ಮೇಲೆ ಮತ ಹಾಕಿ ಒಪ್ಪಿತು. ಬಸ್ ಇಲ್ಲದೆ ಶುಲ್ಕ ಹಾಕಿದರೆ ಅದು ದಂಡವಷ್ಟೇ.

ಒಂದು ಬಸ್ ಸ್ಟಾಪಿನ ತೊಂದರೆಗೆ ಐದು ಕಚೇರಿ ಅಲೆದೆ. ಯಾರನ್ನು ಕೇಳಬೇಕು?
— ಹೆಣ್ಣೂರು, ಬೆಂಗಳೂರು

ಬಸ್ ನಿಲ್ಲಿಸುವುದು ಬಿಎಂಟಿಸಿ, ಫುಟ್‌ಪಾತು ಮತ್ತು ತಂಗುದಾಣದ ಜಾಗ ಪಾಲಿಕೆಯದು, ಎದುರಿನ ಸಿಗ್ನಲ್ ಸಂಚಾರ ಪೊಲೀಸರದು, ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಪಕ್ಕದ ಕಂಬ ಮೆಟ್ರೊ ನಿಗಮದ್ದು. ಇವರೆಲ್ಲರನ್ನೂ ಒಂದೇ ಮೇಜಿಗೆ ತರಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂತು. ಅದಕ್ಕೆ ನಿಜವಾದ ಅಧಿಕಾರ, ಹಣ, ಪರಿಣತರು ಸಿಗಬೇಕು ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಐವರಿಗೂ ಒಂದೇ ಪತ್ರ ಬರೆಯಿರಿ, ಪ್ರತಿ ಕಚೇರಿಯ ಹೆಸರಿನ ಮುಂದೆ ಅವರು ಮಾಡಬೇಕಾದ ಒಂದೇ ಕೆಲಸ ಬರೆಯಿರಿ, ಎಲ್ಲರ ಪ್ರತಿಯಲ್ಲೂ ಎಲ್ಲರ ಹೆಸರಿರಲಿ. ಈಗ ನಗರ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಟೇಪ್ ಹಿಡಿದು ಅಳತೆ ಕಾಣುವ ಒಂದು ಫೋಟೊ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಪತ್ರದ ಮೇಲೆ ಯಾರು, ಯಾವ ದಿನ, ಏನು ಟಿಪ್ಪಣಿ ಬರೆದರು ಎಂದು ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಗಡುವಿದೆ.